ಬಾಂಬೆ ಟಪಾಲು ಹಡಗು ಉತ್ತರದ ಸಮುದ್ರಕಾವಲಿಗೆ ನಿಂತಾಗ: ‘ರಾವಲ್ಪಿಂಡಿ’ ಪ್ರಕರಣ

1939ರ ನವೆಂಬರ್ 23, ಗುರುವಾರ. ಐಸ್‌ಲೆಂಡ್ ಮತ್ತು ಫಾರೋ ದ್ವೀಪಗಳ ನಡುವಿನ ಸಮುದ್ರ. ಮಧ್ಯಾಹ್ನ ಮೂರೂವರೆ ದಾಟಿತ್ತು. ಅಷ್ಟು ಉತ್ತರದಲ್ಲಿ, ಆ ತಿಂಗಳಲ್ಲಿ, ಅದು ಕತ್ತಲಾಗುವ ಹೊತ್ತು. ಬ್ರಿಟಿಷ್ ನೌಕಾಪಡೆಯ ‘ರಾವಲ್ಪಿಂಡಿ’ಗೆ ದೂರದಲ್ಲಿ ಒಂದು ದೊಡ್ಡ ಯುದ್ಧಹಡಗು ಕಂಡಿತು. ಕ್ಯಾಪ್ಟನ್ ಎಡ್ವರ್ಡ್ ಕೆನಡಿ ವೈರ್‌ಲೆಸ್‌ನಲ್ಲಿ ಸುದ್ದಿ ಕಳಿಸಿದರು. ಕಂಡದ್ದು ಜರ್ಮನಿಯ ‘ಶಾರ್ನ್‌ಹೋರ್ಸ್ಟ್’. ಅದರ ಜೋಡಿ ‘ಗ್ನೈಸೆನೌ’ ಕೂಡ ಹತ್ತಿರದಲ್ಲೇ ಇತ್ತು. ಜರ್ಮನ್ ನೌಕಾಪಡೆಯಲ್ಲಿ ಆಗ ಅವೆರಡಕ್ಕಿಂತ ಬಲವಾದ ಹಡಗು ಬೇರೆ ಇರಲಿಲ್ಲ.

ರಾವಲ್ಪಿಂಡಿಯಾದರೋ ಮೂರು ತಿಂಗಳ ಹಿಂದಿನವರೆಗೂ ಪ್ರಯಾಣಿಕರನ್ನು ಸಾಗಿಸುತ್ತಿದ್ದ ಹಡಗು. ಅದರ ಊಟದ ಹಾಲ್‌ನಲ್ಲಿ ಐಸಿಎಸ್ ಅಧಿಕಾರಿಗಳು, ರಜೆಗೆ ಊರಿಗೆ ಹೊರಟ ಸೈನ್ಯದವರು, ಲಂಡನ್ನಿಗೆ ಓದಲು ಹೊರಟ ಹುಡುಗರು ಕೂತು ಉಣ್ಣುತ್ತಿದ್ದರು.

ಆಮೇಲೆ ಆದದ್ದನ್ನು ಸಾಮಾನ್ಯವಾಗಿ ಶೌರ್ಯದ ಕಥೆಯಾಗಿ ಹೇಳುತ್ತಾರೆ. ಶೌರ್ಯ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಪ್ರಕರಣದಲ್ಲಿ ನೋಡಬೇಕಾದದ್ದು ಬೇರೆ ಇದೆ. ಈ ಹಡಗನ್ನು ಅಲ್ಲಿ ಯಾರು, ಯಾಕೆ ನಿಲ್ಲಿಸಿದರು? ಕೊಟ್ಟ ಕೆಲಸಕ್ಕೆ ಅದು ತಕ್ಕದ್ದಾಗಿತ್ತಾ?

ಹಡಗು ಎಂಥದ್ದು

ಪಿ ಅಂಡ್ ಒ ಅನ್ನುವ ಬ್ರಿಟಿಷ್ ಹಡಗು ಕಂಪನಿ 1925ರಲ್ಲಿ ಒಂದೇ ಮಾದರಿಯ ನಾಲ್ಕು ಹಡಗು ಕಟ್ಟಿಸಿತು. ರಾಂಚಿ, ರಣಪುರ, ರಾಜಪುತಾನಾ, ರಾವಲ್ಪಿಂಡಿ. ನಾಲ್ಕಕ್ಕೂ ‘ರ’ ಅಕ್ಷರದ ಹೆಸರು, ಎಲ್ಲವೂ ನಮ್ಮ ಕಡೆಯವೇ. ರಾವಲ್ಪಿಂಡಿ ತಯಾರಾದದ್ದು ಸ್ಕಾಟ್ಲೆಂಡಿನ ಗ್ರೀನಕ್‌ನಲ್ಲಿ. ನೀರಿಗಿಳಿಸಿದವರು ಲೇಡಿ ಬರ್ಕನ್‌ಹೆಡ್. ಆಕೆಯ ಗಂಡ ಆಗ ಲಂಡನ್ನಿನಲ್ಲಿ ಭಾರತ ಖಾತೆಯ ಮಂತ್ರಿ. ಸುಮಾರು 16,700 ಟನ್, 167 ಮೀಟರ್ ಉದ್ದ, ಆರುನೂರರ ಆಸುಪಾಸು ಪ್ರಯಾಣಿಕರಿಗೆ ಜಾಗ, 17 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 31 ಕಿಲೋಮೀಟರ್. ಎರಡು ಹೊಗೆಕೊಳವೆ ಇದ್ದವು. ಹಿಂದಿನದು ಸುಮ್ನೆ ನೋಟಕ್ಕೆ, ಅದರಲ್ಲಿ ಹೊಗೆಯೇ ಬರುತ್ತಿರಲಿಲ್ಲ. ಕೊಳವೆ ಜಾಸ್ತಿ ಇದ್ದಷ್ಟೂ ಹಡಗು ಗಟ್ಟಿ ಅಂತ ಪ್ರಯಾಣಿಕರು ನಂಬುತ್ತಿದ್ದ ಕಾಲ ಅದು.

ಇವು ಲಂಡನ್ನಿಂದ ಮಾರ್ಸೇ, ಪೋರ್ಟ್ ಸೈದ್, ಏಡನ್ ದಾಟಿ ಬಾಂಬೆಗೆ ಬರುತ್ತಿದ್ದವು. ಪ್ರಯಾಣಿಕರಷ್ಟೇ ಮುಖ್ಯ ಟಪಾಲು. ಬಾಂಬೆಯ ಬಲ್ಲಾರ್ಡ್ ಪಿಯರ್‌ನಲ್ಲಿ ಹಡಗು ಕಟ್ಟೆಗೆ ತಾಗುವ ಹೊತ್ತಿಗೆ ಅಲ್ಲೇ ಪಕ್ಕದ ನಿಲ್ದಾಣದಲ್ಲಿ ಫ್ರಂಟಿಯರ್ ಮೇಲ್ ಕಾದಿರುತ್ತಿತ್ತು. ಇಳಿದವರು ನೇರ ರೈಲು ಹತ್ತಿ ದೆಹಲಿ, ಲಾಹೋರ್, ನಿಜವಾದ ರಾವಲ್ಪಿಂಡಿ ಊರು ದಾಟಿ ಪೇಶಾವರದವರೆಗೂ ಹೋಗಬಹುದಿತ್ತು. 1931ರ ಆಗಸ್ಟ್ 29ರಂದು ಗಾಂಧೀಜಿ ದುಂಡು ಮೇಜಿನ ಪರಿಷತ್ತಿಗೆ ಹೊರಟದ್ದು ಇದೇ ನಾಲ್ಕರಲ್ಲಿ ಒಂದಾದ ರಾಜಪುತಾನಾದಲ್ಲಿ, ಎರಡನೇ ದರ್ಜೆಯಲ್ಲಿ. ಜೊತೆಗೆ ಮಹಾದೇವ ದೇಸಾಯಿ, ಮೀರಾಬೆನ್, ಸರೋಜಿನಿ ನಾಯ್ಡು, ಮಾಳವೀಯ ಎಲ್ಲ ಇದ್ದರು. ಗಾಂಧೀಜಿ ಡೆಕ್ಕಿನ ಮೇಲೆ ಕೂತು ಪ್ರಾರ್ಥನೆ ಮಾಡಿದ ಹಡಗಿನ ಮೇಲೆ ಎಂಟೇ ವರ್ಷದಲ್ಲಿ ಆರಿಂಚಿನ ತೋಪುಗಳು ಬಂದು ಕೂತವು.

ತೋಪು ಕೂರಿಸಿದ ಲೆಕ್ಕಾಚಾರ

ಪ್ರಯಾಣಿಕರ ಹಡಗಿಗೆ ತೋಪು ಕಟ್ಟುವ ಯೋಚನೆ 1939ರದ್ದಲ್ಲ, ಹತ್ತೊಂಬತ್ತನೇ ಶತಮಾನದಿಂದಲೂ ಇತ್ತು. 1903ರಲ್ಲಿ ಬ್ರಿಟಿಷ್ ಸರ್ಕಾರ ಕ್ಯೂನಾರ್ಡ್ ಕಂಪನಿಗೆ 26 ಲಕ್ಷ ಪೌಂಡ್ ಸಾಲ ಕೊಟ್ಟಿತು. ಅದರ ಮೇಲೆ ವರ್ಷಕ್ಕೆ ಒಂದೂವರೆ ಲಕ್ಷ ಪೌಂಡ್ ಸಹಾಯಧನ. ಆ ದುಡ್ಡಿನಲ್ಲಿ ಎದ್ದವು ಲೂಸಿಟೇನಿಯಾ ಮತ್ತು ಮಾರಿಟೇನಿಯಾ ಅನ್ನುವ ಭಾರೀ ಪ್ರಯಾಣಿಕರ ಹಡಗುಗಳು. ಯುದ್ಧ ಬಂದರೆ ಇವನ್ನು ನೌಕಾಪಡೆಗೆ ಕೊಡಬೇಕು ಅನ್ನುವುದು ಷರತ್ತು. 1914ರಲ್ಲಿ ಯುದ್ಧ ಬಂತು. ಆಗ ನೋಡಿದರೆ ಇವು ದಿನಕ್ಕೆ ಸಾವಿರ ಟನ್ ಕಲ್ಲಿದ್ದಲು ನುಂಗುವ ರಾಕ್ಷಸರು, ಸಾಕುವುದೇ ಕಷ್ಟ. ದೊಡ್ಡ ಹಡಗು ಬೇಡ, ಮಧ್ಯಮ ಗಾತ್ರದ್ದೇ ಸರಿ ಅನ್ನುವುದು ಆಗ ಗೊತ್ತಾಯಿತು.

ಮಧ್ಯಮ ಗಾತ್ರದವು ಮೊದಲ ಮಹಾಯುದ್ಧದಲ್ಲಿ ಚೆನ್ನಾಗಿಯೇ ಕೆಲಸ ಮಾಡಿದವು. ಸ್ಕಾಟ್ಲೆಂಡಿನ ಉತ್ತರಕ್ಕೆ ಇವುಗಳ ಒಂದು ಸಾಲೇ ನಿಂತು, ಜರ್ಮನಿಗೆ ಹೋಗುವ ಸಾವಿರಾರು ಸರಕು ಹಡಗುಗಳನ್ನು ತಡೆದು ತಪಾಸಣೆ ಮಾಡಿತು. ಜರ್ಮನಿಯ ದಿಗ್ಬಂಧನ ನಡೆದದ್ದೇ ಇವುಗಳಿಂದ. 1939ರಲ್ಲಿ ಅಡ್ಮಿರಾಲ್ಟಿಯ, ಅಂದರೆ ಬ್ರಿಟಿಷ್ ನೌಕಾಪಡೆ ನಡೆಸುವ ಇಲಾಖೆಯ, ಮೇಜಿನ ಮೇಲಿದ್ದದ್ದು ಈ ಅನುಭವ. ಹೋದ ಸಲ ನಡೆದಿದೆ, ಈ ಸಲವೂ ನಡೆಯುತ್ತದೆ ಅಂದುಕೊಂಡರು.

ಬೇರೆ ದಾರಿಯೂ ಇರಲಿಲ್ಲ ಅನ್ನಿ. ಸಾಮ್ರಾಜ್ಯದ ಸಮುದ್ರಮಾರ್ಗ ಕಾಯಲು 70 ಕ್ರೂಸರ್ (ಮಧ್ಯಮ ಗಾತ್ರದ, ವೇಗದ ಯುದ್ಧಹಡಗು) ಬೇಕು ಅಂತ ನೌಕಾಪಡೆ ವರ್ಷಗಟ್ಟಲೆ ಹೇಳುತ್ತಿತ್ತು. ದೇಶಗಳ ಯುದ್ಧಹಡಗುಗಳಿಗೆ ಮಿತಿ ಹಾಕಿದ 1930ರ ಲಂಡನ್ ಒಪ್ಪಂದದಲ್ಲಿ ಸರ್ಕಾರ 50ಕ್ಕೆ ಒಪ್ಪಿಕೊಂಡು ಬಂತು. ಯುದ್ಧ ಶುರುವಾದಾಗ ಉತ್ತರದ ಕಾವಲಿಗೆ ಸಿಕ್ಕಿದ್ದು ಹಿಂದಿನ ಯುದ್ಧದ ಕಾಲದ ಹಳೇ ಕ್ರೂಸರ್‌ಗಳು. ಚಳಿಗಾಲದ ಅಲೆಗೆ ಅವು ನಲುಗಿಹೋಗುತ್ತಿದ್ದವು. ಕೊರತೆ ತುಂಬಲು ಸುಮಾರು ಐವತ್ತು ಪ್ರಯಾಣಿಕರ ಹಡಗುಗಳನ್ನು ವಶಕ್ಕೆ ತೆಗೆದುಕೊಂಡರು. ಆರ್ಮ್ಡ್ ಮರ್ಚೆಂಟ್ ಕ್ರೂಸರ್ ಅನ್ನುವುದು ಅವಕ್ಕೆ ಕೊಟ್ಟ ಹೆಸರು. ಎ.ಎಂ.ಸಿ. ಅಂದರೆ ‘ಅಡ್ಮಿರಾಲ್ಟಿ ಮೇಡ್ ಕಾಫಿನ್ಸ್’ ಅಂತ ನಾವಿಕರು ಆಡಿಕೊಳ್ಳುತ್ತಿದ್ದರು. ಸರ್ಕಾರವೇ ಮಾಡಿಸಿಕೊಟ್ಟ ಶವಪೆಟ್ಟಿಗೆ!

ರಾವಲ್ಪಿಂಡಿಯನ್ನು ವಶಕ್ಕೆ ಪಡೆದದ್ದು 1939ರ ಆಗಸ್ಟ್ 26ರಂದು, ಯುದ್ಧ ಘೋಷಣೆಗೆ ಎಂಟು ದಿನ ಮೊದಲು. ಲಂಡನ್ನಿನ ಡಾಕ್‌ನಲ್ಲಿ ನೋಟಕ್ಕಿದ್ದ ಹಿಂದಿನ ಹೊಗೆಕೊಳವೆ ಕಿತ್ತರು. ಡೆಕ್ಕಿಗೆ ಅಡಿಯಿಂದ ಬಲ ಕೊಟ್ಟು ಎಂಟು ಆರಿಂಚಿನ ತೋಪು ಕೂರಿಸಿದರು. ತೋಪುಗಳ ಮಾದರಿ ಇಪ್ಪತ್ತನೇ ಶತಮಾನದ ಆರಂಭದ್ದು, ಉಗ್ರಾಣದಲ್ಲಿ ಉಳಿದಿದ್ದಂಥವು. ವಿಮಾನದ ಮೇಲೆ ಹಾರಿಸಲು ಮೂರಿಂಚಿನವು ಎರಡು. ಬಣ್ಣ ಬಳಿದರು, ಅಷ್ಟೇ. ಉಕ್ಕಿನ ಕವಚ ಹೊದಿಸಲಿಲ್ಲ, ಹೊದಿಸುವಂತೆಯೂ ಇರಲಿಲ್ಲ. ಎತ್ತರದ ಹಡಗಿಗೆ ಅಷ್ಟು ತೂಕ ಹೇರಿದರೆ ಅದು ನೆಟ್ಟಗೆ ನಿಲ್ಲುವುದಿಲ್ಲ.

ಸಿಬ್ಬಂದಿಯೂ ಬದಲಾಯಿತು. ಪಿ ಅಂಡ್ ಒ ಹಡಗುಗಳಲ್ಲಿ ಡೆಕ್ ಮತ್ತು ಇಂಜಿನ್ ಕೆಲಸಕ್ಕೆ ಭಾರತದ ಖಲಾಸಿಗಳು, ಊಟ ಬಡಿಸಲು ಗೋವಾದವರು ಇರುವುದು ವಾಡಿಕೆ. ಈಗ ಬಂದವರು ಹೆಚ್ಚಾಗಿ ಬ್ರಿಟನ್ನಿನ ಮೀಸಲು ನಾವಿಕರು ಮತ್ತು ಪಿಂಚಣಿದಾರರು. ಕಂಪನಿಯ ಒಂದಷ್ಟು ಜನ ನೌಕಾಪಡೆಯ ಕರಾರಿಗೆ ಸಹಿ ಹಾಕಿ ಅಲ್ಲೇ ಉಳಿದರು. ಕೆನಡಿ ಅವರಿಗೆ ಅರವತ್ತು ವರ್ಷ. 1920ರ ದಶಕದಲ್ಲೇ ನಿವೃತ್ತರಾಗಿದ್ದವರು, ಯುದ್ಧ ಅಂದ ಕೂಡಲೇ ಮರಳಿ ಬಂದಿದ್ದರು.

ಕಾವಲು ಕೆಲಸಕ್ಕೆ ಈ ಹಡಗು ಕೆಟ್ಟದ್ದೇನಲ್ಲ. ಈ ಮಾತನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಎಣ್ಣೆ ತುಂಬಿಸಿಕೊಂಡರೆ ವಾರಗಟ್ಟಲೆ ಸಮುದ್ರದಲ್ಲಿರಬಲ್ಲದು. ಎತ್ತರದ ಒಡಲು, ಹಾಗಾಗಿ ಹಳೇ ಕ್ರೂಸರ್ ತತ್ತರಿಸುವ ಅಲೆಯಲ್ಲೂ ಇಲ್ಲಿ ಜನ ನಿದ್ದೆ ಮಾಡಬಹುದು. ಹಿಡಿದ ಹಡಗಿಗೆ ಕಳಿಸಲು ಬೇಕಾಗುವ ಹೆಚ್ಚಿನ ಜನಕ್ಕೂ ಜಾಗ ಇದೆ, ಹಿಡಿದು ತಂದ ಶತ್ರು ನಾವಿಕರನ್ನು ಕೂಡಿಹಾಕಲು ಕ್ಯಾಬಿನ್‌ಗಳೂ ಇವೆ. ಕೆಲಸ ಏನೆಂದರೆ, ಕಂಡ ಸರಕು ಹಡಗನ್ನು ನಿಲ್ಲಿಸುವುದು, ದೋಣಿ ಇಳಿಸಿ ಕಾಗದಪತ್ರ ನೋಡುವುದು, ಅನುಮಾನ ಬಂದರೆ ಕಾವಲು ಹಾಕಿ ಆರ್ಕ್ನಿ ದ್ವೀಪದ ಕಿರ್ಕ್‌ವಾಲ್ ಬಂದರಿಗೆ ಕಳಿಸುವುದು. ಇದಕ್ಕೆ ಆರಿಂಚಿನ ತೋಪು ಧಾರಾಳ ಆಯಿತು. ಘಟನೆಗೆ ನಾಲ್ಕು ದಿನ ಮೊದಲು ರಾವಲ್ಪಿಂಡಿ ‘ಗೊನ್‌ಜೆನ್‌ಹೈಮ್’ ಅನ್ನುವ ಜರ್ಮನ್ ಹಡಗನ್ನು ತಡೆದಿತ್ತು. ಸಿಕ್ಕಿಬೀಳುವ ಬದಲು ಅದರ ನಾವಿಕರೇ ಅದನ್ನು ಮುಳುಗಿಸಿಬಿಟ್ಟರು. ಅಲ್ಲಿಗೆ ಕೆಲಸ ಆದಂತೆಯೇ.

ನಲವತ್ತು ನಿಮಿಷ

ಜರ್ಮನ್ ಹಡಗುಗಳೆರಡು ವೈಸ್ ಅಡ್ಮಿರಲ್ ವಿಲ್ಹೆಲ್ಮ್ ಮಾರ್ಷಲ್ ಮುಂದಾಳತ್ವದಲ್ಲಿ ನವೆಂಬರ್ 21ರಂದು ವಿಲ್ಹೆಲ್ಮ್‌ಸ್‌ಹಾಫೆನ್ ಬಿಟ್ಟಿದ್ದವು. ಆಗ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ‘ಗ್ರಾಫ್ ಸ್ಪೀ’ ಅನ್ನುವ ಜರ್ಮನ್ ಯುದ್ಧಹಡಗನ್ನು ಬ್ರಿಟಿಷರು ಹುಡುಕಾಡುತ್ತಿದ್ದರು. ಉತ್ತರದಲ್ಲಿ ಒಂದು ಗದ್ದಲ ಎಬ್ಬಿಸಿದರೆ ಅಲ್ಲಿಯ ಒತ್ತಡ ಇಳಿಯುತ್ತದೆ ಅನ್ನುವುದು ಇವರ ಲೆಕ್ಕ.

ಮುಖಾಮುಖಿಯ ಲೆಕ್ಕ ಹಾಕಿ ನೋಡಿ. ರಾವಲ್ಪಿಂಡಿಯ ಒಂದು ಗುಂಡಿನ ತೂಕ ಸುಮಾರು 45 ಕಿಲೋ. ಒಂದು ಪಕ್ಕಕ್ಕೆ ನಾಲ್ಕು ತೋಪು, ಅಂದರೆ ಒಂದು ಸಲಕ್ಕೆ 180 ಕಿಲೋ. ಶಾರ್ನ್‌ಹೋರ್ಸ್ಟ್‌ಗೆ 28 ಸೆಂಟಿಮೀಟರಿನ ಒಂಬತ್ತು ತೋಪು, ಒಂದೊಂದು ಗುಂಡು 330 ಕಿಲೋ. ಒಂದು ಸಲಕ್ಕೆ ಹತ್ತಿರ ಹತ್ತಿರ ಮೂರು ಟನ್. ಎರಡೂ ಹಡಗು ಸೇರಿದರೆ ಆರು ಟನ್. ಅವುಗಳ ಪಕ್ಕದ ಕವಚ 35 ಸೆಂಟಿಮೀಟರ್ ದಪ್ಪದ ಉಕ್ಕು, ರಾವಲ್ಪಿಂಡಿಗಿದ್ದದ್ದು ಸಾಮಾನ್ಯ ಹಡಗಿನ ತಗಡು. ಅವುಗಳ ವೇಗ 31 ನಾಟ್, ಇದರದು 17. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಶಾರ್ನ್‌ಹೋರ್ಸ್ಟ್ ದೀಪದ ಸಂಕೇತದಲ್ಲಿ ‘ನಿಲ್ಲಿ’ ಅಂದಿತು. ಕೆನಡಿ ನಿಲ್ಲಿಸಲಿಲ್ಲ. ಹೊಗೆ ಎಬ್ಬಿಸುವ ತೇಲುಡಬ್ಬಿ ಎಸೆದು, ಮಂಜು ಕವಿದ ಕಡೆ ಹಡಗು ತಿರುಗಿಸಿದರು. ಕತ್ತಲು ಬೀಳಲು ಇನ್ನು ಸ್ವಲ್ಪವೇ ಹೊತ್ತು ಉಳಿದಿತ್ತು. ಆದರೆ ಅಷ್ಟು ಹೊತ್ತು ಸಿಗಲಿಲ್ಲ.

ನಾಲ್ಕು ಗಂಟೆ ದಾಟುತ್ತಿದ್ದಂತೆ ಗುಂಡಿನ ದಾಳಿ ಶುರುವಾಯಿತು. ಮೊದಲ ಕೆಲವು ಸುತ್ತಿನಲ್ಲೇ ದೋಣಿಗಳಿದ್ದ ಡೆಕ್, ಹಡಗು ನಡೆಸುವ ಬ್ರಿಡ್ಜ್, ವೈರ್‌ಲೆಸ್ ಕೋಣೆ ಹೋದವು. ಇಂಜಿನ್ ಭಾಗಕ್ಕೆ ಬಿದ್ದ ಗುಂಡಿಗೆ ವಿದ್ಯುತ್ ಹೋಯಿತು. ಪ್ರಯಾಣಿಕರ ಹಡಗು ಯಾಕೆ ಯುದ್ಧಹಡಗಾಗಲಾರದು ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ವಿದ್ಯುತ್ ಹೋದ ಮೇಲೆ ಕೆಳಗಿನ ಮದ್ದುಗುಂಡಿನ ಕೋಣೆಯಿಂದ ಗುಂಡು ಮೇಲೆತ್ತುವ ಯಂತ್ರ ನಿಂತಿತು. 45 ಕಿಲೋದ ಗುಂಡನ್ನು ಜನ ಕೈಯಲ್ಲೇ ಹೊತ್ತು ತರಬೇಕು, ಅದೂ ಉರಿಯುತ್ತಿರುವ ಡೆಕ್ಕಿನ ಮೇಲೆ. ನಿಜವಾದ ಯುದ್ಧಹಡಗಿನಲ್ಲಿ ಈ ದಾರಿಯೆಲ್ಲ ಕವಚದ ಒಳಗಿರುತ್ತದೆ. ಇಲ್ಲಿ ಅದು ಹಾದುಹೋಗುವುದು ಪ್ರಯಾಣಿಕರಿಗೆಂದು ಕಟ್ಟಿದ ಮಹಡಿಗಳ ನಡುವೆ. ಮರದ ಹಲಗೆ ಹೊದಿಸಿದ ಗೋಡೆಗಳು, ಅಗಲವಾದ ಮೆಟ್ಟಿಲು, ಉದ್ದನೆಯ ಓಣಿಗಳು. ಬೆಂಕಿಗೆ ಇದಕ್ಕಿಂತ ಒಳ್ಳೆ ದಾರಿ ಬೇಕೇ? ಎಲ್ಲ ತೋಪುಗಳಿಗೂ ಒಂದೇ ಕಡೆಯಿಂದ ಗುರಿ ಹೇಳುವವರೂ ಇಲ್ಲ. ಹಾಗಾಗಿ ಒಂದೊಂದು ತೋಪಿನವರು ತಮಗೆ ಕಂಡಂತೆ ಹಾರಿಸಿದರು. ಆದರೂ ಒಂದು ಗುಂಡು ಶಾರ್ನ್‌ಹೋರ್ಸ್ಟ್‌ಗೆ ತಗುಲಿತು. ಆದದ್ದು ಸಣ್ಣಪುಟ್ಟ ಹಾನಿ ಮಾತ್ರ.

ನಲವತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಮದ್ದುಗುಂಡಿನ ಕೋಣೆ ಸಿಡಿದು ಹಡಗು ಮುರಿಯಿತು. ಆದರೂ ರಾತ್ರಿ ಎಂಟರವರೆಗೆ ಉರಿಯುತ್ತಾ ತೇಲುತ್ತಿತ್ತು. ಕೆನಡಿ ಸೇರಿ 238 ಜನ ಸತ್ತರು. ಜರ್ಮನ್ ಹಡಗುಗಳು ನೀರಿನಲ್ಲಿದ್ದವರನ್ನು ಎತ್ತಿಕೊಳ್ಳುತ್ತಿದ್ದವು. ಅಷ್ಟರಲ್ಲಿ ಬ್ರಿಟಿಷ್ ಕ್ರೂಸರ್ ‘ನ್ಯೂಕ್ಯಾಸಲ್’ ಕಂಡಿತು, ರಕ್ಷಣೆ ಅರ್ಧಕ್ಕೇ ನಿಂತಿತು. ಬೇರೆ ಹನ್ನೊಂದು ಜನರನ್ನು ಕಂಡು ಎತ್ತಿಕೊಂಡದ್ದು ‘ಚಿತ್ರಾಲ್’. ಅದೂ ಪಿ ಅಂಡ್ ಒ ಕಂಪನಿಯದೇ, ಅದೂ ತೋಪು ಹೊತ್ತ ಪ್ರಯಾಣಿಕರ ಹಡಗೇ.

ಪೀಪಿ ಊದಿದ ಮೇಲೆ

ತೋಟದ ಕಾವಲಿನವನ ಹತ್ತಿರ ಒಂದು ಕೋಲು, ಒಂದು ಪೀಪಿ ಇರುತ್ತದೆ. ಕಳ್ಳರ ಗುಂಪು ಬಂದರೆ ಕೋಲು ಏನೂ ಸಾಲದು. ಅವನ ಬಲ ಇರುವುದು ಪೀಪಿಯಲ್ಲಿ, ಅದು ಕೇಳಿ ಓಡಿಬರುವವರಲ್ಲಿ. ರಾವಲ್ಪಿಂಡಿ ಪೀಪಿ ಊದಿತು. ಓಡಿಬರಬೇಕಾದವರು ಎಲ್ಲಿದ್ದರು?

ನನ್ನ ಪ್ರಕಾರ ಪ್ರಕರಣದ ತಿರುಳು ಇರುವುದು ಇಲ್ಲೇ. ಮೊದಲ ಮಹಾಯುದ್ಧದಲ್ಲಿ ಇಂಥ ಕಾವಲು ಹಡಗುಗಳ ಹಿಂದೆ, ಸ್ಕಾಪಾ ಫ್ಲೋ ನೆಲೆಯಲ್ಲಿ, ಬ್ರಿಟಿಷರ ಇಡೀ ದೊಡ್ಡ ನೌಕಾಬಲ ಕೂತಿತ್ತು. ಜರ್ಮನಿಯ ಭಾರೀ ಹಡಗುಗಳು ಅಷ್ಟು ದೂರ ಬರುವ ಧೈರ್ಯವನ್ನೇ ಮಾಡಲಿಲ್ಲ. 1939ರ ಅಕ್ಟೋಬರ್ 14ರಂದು ಯು-47 ಅನ್ನುವ ಜಲಾಂತರ್ಗಾಮಿ ಅದೇ ಸ್ಕಾಪಾ ಫ್ಲೋ ಒಳಗೆ ನುಗ್ಗಿ ‘ರಾಯಲ್ ಓಕ್’ ಯುದ್ಧಹಡಗನ್ನು ಮುಳುಗಿಸಿತು. ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ಆ ನೆಲೆ ಸುರಕ್ಷಿತ ಅಲ್ಲ ಅಂತಾಯಿತು. ದೊಡ್ಡ ಹಡಗುಗಳು ಸ್ಕಾಟ್ಲೆಂಡಿನ ಪಶ್ಚಿಮ ತೀರಕ್ಕೆ ಸರಿದವು. ನವೆಂಬರ್ 23ರಂದು ಅಡ್ಮಿರಲ್ ಚಾರ್ಲ್ಸ್ ಫೋರ್ಬ್ಸ್ ಅವರ ನೆಲ್ಸನ್, ರಾಡ್ನಿ ಹಡಗುಗಳು ಇದ್ದದ್ದು ಕ್ಲೈಡ್ ನದಿಮುಖದಲ್ಲಿ. ಅಲ್ಲಿಂದ ಹೊರಟು ಘಟನೆಯ ಜಾಗಕ್ಕೆ ಮುಟ್ಟಲು ಒಂದು ದಿನಕ್ಕೂ ಹೆಚ್ಚು ಬೇಕು. ಕಾವಲು ಸಾಲು ಮಾತ್ರ ಹಳೆಯ ನಕ್ಷೆಯಂತೆಯೇ ನಿಂತಿತ್ತು, ಅದರ ಬೆನ್ನಿಗಿದ್ದ ಬಲ ಜಾಗ ಬಿಟ್ಟು ಹೋಗಿತ್ತು. ಹೋದ ಸಲದ ಲೆಕ್ಕವನ್ನು ಈ ಸಲಕ್ಕೆ ಎತ್ತಿಕೊಂಡವರು ಈ ಅರ್ಧವನ್ನು ಮರೆತರು.

ನ್ಯೂಕ್ಯಾಸಲ್ ಸ್ವಲ್ಪ ಹೊತ್ತು ಶತ್ರುವನ್ನು ಕಂಡಿತು. ಆಮೇಲೆ ಮಳೆ ಮತ್ತು ಕತ್ತಲಲ್ಲಿ ಕಳೆದುಕೊಂಡಿತು. ರಾಡಾರ್ ಇರಲಿಲ್ಲ. ಇನ್ನೊಂದು ಎಡವಟ್ಟೂ ಆಯಿತು. ಕೆನಡಿ ಕಳಿಸಿದ ಸುದ್ದಿಯಲ್ಲಿ ಕಂಡ ಹಡಗನ್ನು ‘ಡಾಯ್ಚ್‌ಲಾಂಡ್’ ಅನ್ನುವ ಬೇರೊಂದು ಜರ್ಮನ್ ಯುದ್ಧಹಡಗು ಅಂತ ಗುರುತಿಸಿದ್ದರು. ಡಾಯ್ಚ್‌ಲಾಂಡ್ ಅಟ್ಲಾಂಟಿಕ್‌ಗೆ ಹೋಗಿದ್ದದ್ದರಿಂದ, ಅದು ಮನೆಗೆ ಮರಳುತ್ತಿದೆ ಅಂದುಕೊಂಡು ಬ್ರಿಟಿಷರು ಬಲೆ ಬೀಸಿದರು. ಅಸಲಿಗೆ ಅದು ಆಗಲೇ ಜರ್ಮನಿ ಸೇರಿಯಾಗಿತ್ತು. ಮಸುಕು ಬೆಳಕಿನಲ್ಲಿ, ಅಷ್ಟು ದೂರದಿಂದ, ಜರ್ಮನ್ ದೊಡ್ಡ ಹಡಗುಗಳ ಆಕಾರ ಒಂದರಂತೆ ಒಂದು ಕಾಣುತ್ತಿದ್ದವು. ಅದಕ್ಕೆ ಅವರನ್ನು ದೂರುವುದು ಸರಿಯಲ್ಲ. ಮಾರ್ಷಲ್ ಉತ್ತರಕ್ಕೆ ಸರಿದು, ಕೆಟ್ಟ ಹವೆಗಾಗಿ ಕಾದು, ನಾರ್ವೆ ತೀರದಗುಂಟ ಇಳಿದು ನವೆಂಬರ್ 27ಕ್ಕೆ ಮನೆ ಸೇರಿದರು. ಫೋರ್ಬ್ಸ್ ಕೈಗೆ ಏನೂ ಸಿಗಲಿಲ್ಲ. ಸಾಲದ್ದಕ್ಕೆ ಡಿಸೆಂಬರ್ 4ರಂದು ಲಾಕ್ ಯೂ ಬಂದರಿಗೆ ವಾಪಸಾಗುವಾಗ ಅವರ ನೆಲ್ಸನ್ ಹಡಗೇ ನೀರಲ್ಲಿಟ್ಟ ಸಿಡಿಗುಂಡಿಗೆ (ಮೈನ್) ತಾಗಿ ಹಾಳಾಯಿತು.

ಕೆನಡಿ ಶರಣಾಗಬಹುದಿತ್ತೇ? ಆಗಬಹುದಿತ್ತು. 238 ಜನ ಉಳಿಯುತ್ತಿದ್ದರು ಅನ್ನುವ ವಾದವೂ ಇದೆ. ಸುದ್ದಿ ಮುಟ್ಟಿಸಿಯಾಗಿತ್ತು, ಆಮೇಲೆ ಹೋರಾಡಿ ಗೆದ್ದದ್ದೇನು? ಆದರೆ ಹತ್ತು ನಿಮಿಷ ಎಳೆದರೆ ಕತ್ತಲು, ಮಂಜು, ಅಕ್ಕಪಕ್ಕದ ಕಾವಲು ಹಡಗುಗಳು ಇವೆಲ್ಲ ಅವರ ಲೆಕ್ಕದಲ್ಲಿ ಇದ್ದಿರಲೇಬೇಕು. ಹಡಗನ್ನು ಹಾಗೇ ಒಪ್ಪಿಸಿಬಿಟ್ಟರೆ ಒಳಗಿನ ಸಂಕೇತ ಪುಸ್ತಕಗಳೂ ಅಪಾಯಕ್ಕೆ ಬೀಳುತ್ತವೆ. ನನಗೆ ಅವರ ತೀರ್ಮಾನದಲ್ಲಿ ತಪ್ಪು ಕಾಣುವುದಿಲ್ಲ. ತಪ್ಪು ಇದ್ದದ್ದು ಅವರನ್ನು ಅಲ್ಲಿಗೆ ಕಳಿಸಿದ ನಕ್ಷೆಯಲ್ಲಿ.

ಕಲಿತದ್ದು, ಕಲಿಯದ್ದು

ರಾವಲ್ಪಿಂಡಿ ಮುಳುಗಿದ ಸುದ್ದಿ ಬ್ರಿಟನ್ನಿನಲ್ಲಿ ದೊಡ್ಡ ಹೆಮ್ಮೆಯ ವಿಷಯವಾಯಿತು. ಹೆಮ್ಮೆಯ ಗದ್ದಲದಲ್ಲಿ ಪ್ರಶ್ನೆ ಕೇಳುವವರ ದನಿ ಸಣ್ಣದಾಯಿತು. ಮುಂದಿನ ವರ್ಷ, 1940ರ ನವೆಂಬರ್ 5ರಂದು, ‘ಜರ್ವಿಸ್ ಬೇ’ ಅನ್ನುವ ಇನ್ನೊಂದು ಎ.ಎಂ.ಸಿ.ಗೂ ಇದೇ ಗತಿ. 37 ಸರಕು ಹಡಗುಗಳ ಒಂದು ಸಾಲಿಗೆ ಕಾವಲಿದ್ದದ್ದು ಅದೊಂದೇ. ಜರ್ಮನ್ ಯುದ್ಧಹಡಗು ‘ಅಡ್ಮಿರಲ್ ಶೇರ್’ ಎದುರಾದಾಗ ಕ್ಯಾಪ್ಟನ್ ಫೆಗನ್ ನೇರ ಅದರ ಕಡೆಗೇ ಹಡಗು ತಿರುಗಿಸಿದರು. ಉಳಿದವು ಚದುರಿದವು, ಮುಳುಗಿದ್ದು ಐದು ಮಾತ್ರ. ಫೆಗನ್‌ಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಬಂತು, ಕೆನಡಿಗೆ ಬರಲಿಲ್ಲ. ಫೆಗನ್ ಗಳಿಸಿಕೊಟ್ಟ ಹೊತ್ತಿನಿಂದ ಮೂವತ್ತಕ್ಕೂ ಹೆಚ್ಚು ಹಡಗು ಉಳಿದವು, ಕೆನಡಿ ಹಿಂದೆ ಉಳಿಸಬೇಕಾದ ಹಡಗುಗಳೇ ಇರಲಿಲ್ಲ. ಧೈರ್ಯ ಇಬ್ಬರದೂ ಒಂದೇ ಅಲ್ವಾ?

ಈ ಎರಡು ಕಥೆಗಳ ಅಬ್ಬರದಲ್ಲಿ ನಿಜವಾದ ಕಾಯಿಲೆ ಮರೆಯಾಯಿತು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಇಂಥ 15 ಹಡಗು ಕಳೆದುಕೊಂಡಿತು. ಶತ್ರುವಿನ ತೋಪಿಗೆ ಸಿಕ್ಕಿ ಹೋದದ್ದು ಮೂರೇ. ರಾವಲ್ಪಿಂಡಿ, ಜರ್ವಿಸ್ ಬೇ, ಮತ್ತೆ ಜರ್ಮನಿಯ ‘ಥೋರ್’ ಹಡಗಿನ ಎದುರು ಬಿದ್ದ ವೋಲ್ಟೇರ್. ಕೊಮೊರಿನ್ ಬೆಂಕಿಗೆ ಹೋಯಿತು. ಹೆಕ್ಟರ್ 1942ರ ಏಪ್ರಿಲ್‌ನಲ್ಲಿ ಕೊಲಂಬೊ ಬಂದರಿನಲ್ಲಿ ಜಪಾನಿ ವಿಮಾನಗಳ ಬಾಂಬಿಗೆ ಹೋಯಿತು. ಉಳಿದ ಹತ್ತನ್ನೂ ಮುಳುಗಿಸಿದ್ದು ಜಲಾಂತರ್ಗಾಮಿಗಳ ಟಾರ್ಪೆಡೊ. ನಿಧಾನ ವೇಗದ, ಎತ್ತರದ, ಒಂಟಿಯಾಗಿ ಅತ್ತಿತ್ತ ಓಡಾಡುತ್ತಾ ನಡುನಡುವೆ ನಿಲ್ಲುವ ಹಡಗು ಅಂದರೆ ಜಲಾಂತರ್ಗಾಮಿಗೆ ಹಬ್ಬದೂಟ. ಯು-99ರ ಕ್ಯಾಪ್ಟನ್ ಒಟ್ಟೋ ಕ್ರೆಚ್ಮರ್ ಒಬ್ಬನೇ 1940ರ ನವೆಂಬರ್ ಮೊದಲ ವಾರದಿಂದ ಡಿಸೆಂಬರ್ 2ರೊಳಗೆ ಲಾರೆಂಟಿಕ್, ಪೆಟ್ರೊಕ್ಲಸ್, ಫೋರ್ಫಾರ್ ಈ ಮೂರನ್ನು ಮುಳುಗಿಸಿದ. ಲಾರೆಂಟಿಕ್‌ನ ಜನರನ್ನು ಎತ್ತಿಕೊಳ್ಳಲು ಪೆಟ್ರೊಕ್ಲಸ್ ನಿಂತದ್ದೇ ಅದಕ್ಕೂ ಮುಳುವಾಯಿತು. ಮುಳುಗದಿರಲಿ ಅಂತ ಇವುಗಳ ಒಡಲಿಗೆ ಖಾಲಿ ಪೀಪಾಯಿ ತುಂಬಿಸಿದ್ದರು. ಅದರಿಂದ ಆದ ಲಾಭ ಅಂದರೆ ಕ್ರೆಚ್ಮರ್ ಒಂದೊಂದಕ್ಕೂ ಹಲವು ಟಾರ್ಪೆಡೊ ಖರ್ಚು ಮಾಡಬೇಕಾಯಿತು.

ದಾಖಲೆ ಕಣ್ಣೆದುರೇ ಇತ್ತು. 1940ರ ಬೇಸಿಗೆಯಲ್ಲೇ ಕರಿಂಥಿಯಾ, ಸ್ಕಾಟ್ಸ್‌ಟನ್, ಆಂಡೇನಿಯಾ, ಟ್ರಾನ್ಸಿಲ್ವೇನಿಯಾ ಒಂದರ ಹಿಂದೊಂದು ಟಾರ್ಪೆಡೊಗೆ ಬಿದ್ದಿದ್ದವು. ಆದರೂ ಬದಲಿಗೆ ಬೇರೆ ಹಡಗು ಇರಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಉಳಿದವು ಸಮುದ್ರದಲ್ಲೇ ಇದ್ದವು. ಗಾಂಧೀಜಿಯ ರಾಜಪುತಾನಾ 1941ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಪಶ್ಚಿಮಕ್ಕೆ ಯು-108ರ ಟಾರ್ಪೆಡೊಗೆ ಮುಳುಗಿತು. ನಲವತ್ತಕ್ಕೂ ಹೆಚ್ಚು ಜನ ಸತ್ತರು, ಸುಮಾರು 280 ಜನ ಬದುಕಿದರು. ಹೊಸ ಕ್ರೂಸರ್‌ಗಳು ಬಂದಂತೆಲ್ಲ ಉಳಿದ ಎ.ಎಂ.ಸಿ.ಗಳ ತೋಪು ಇಳಿಸಿ, ಸೈನಿಕರನ್ನು ಸಾಗಿಸುವ ಕೆಲಸಕ್ಕೆ ಹಾಕಿದರು. ಜನರನ್ನು ಹೊತ್ತೊಯ್ಯುವ ಹಡಗು ಕೊನೆಗೂ ಜನರನ್ನು ಹೊರುವ ಕೆಲಸಕ್ಕೆ ಮರಳಿತು. ಅದು ಮೊದಲೇ ಆಗಿದ್ದರೆ ಎರಡೂ ಕಡೆ ಲಾಭವೇ ಇತ್ತು. ಯಾಕೆಂದರೆ ಸೈನಿಕರನ್ನು ಸಾಗಿಸುವ ಹಡಗಿಗೂ ಬ್ರಿಟನ್ ಆಗ ಪರದಾಡುತ್ತಿತ್ತು.

ನಾಲ್ಕರಲ್ಲಿ ಎರಡು ಯುದ್ಧ ದಾಟಿ ಉಳಿದವು. ರಣಪುರವನ್ನು ನೌಕಾಪಡೆ ರಿಪೇರಿ ಹಡಗಾಗಿ ಮಾರ್ಪಡಿಸಿ ತನ್ನಲ್ಲೇ ಇಟ್ಟುಕೊಂಡಿತು. ರಾಂಚಿ ಸೈನಿಕರನ್ನು ಸಾಗಿಸಿತು. ಯುದ್ಧದ ನಂತರ ಬ್ರಿಟನ್ನಿಂದ ಆಸ್ಟ್ರೇಲಿಯಾಕ್ಕೆ ವಲಸೆ ಹೊರಟವರನ್ನು ಹೊತ್ತು ಓಡಾಡಿತು. 1953ರಲ್ಲಿ ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಅದನ್ನು ಗುಜರಿಗೆ ಒಡೆದರು.